ಒಂದೂವರೆ ಅತ್ತೆ

ನನ್ನ ಅತ್ತೆಗೆ ಎಪ್ಪತ್ತು ತುಂಬಿದ ದಿನ ಅವರು ಒಬ್ಬರಿದ್ದವರು ಒಂದೂವರೆಯಾದರು. ಇದು ನನ್ನ ಉತ್ಪ್ರೇಕ್ಷೆಯಲ್ಲ, ನಮ್ಮ ತೈವಾನಿನ ಆದಾಯ ತೆರಿಗೆಯ ಕಾನೂನು. ಮನೆಯಲ್ಲಿ ಸಾಕುತ್ತಿರುವ ಹಿರಿಯರ ಹೆಸರಿನಲ್ಲಿ ಮಕ್ಕಳಿಗೆ ಒಂದು ಪಾಲು ವಿನಾಯಿತಿ ಸಿಗುತ್ತದೆ; ಆ ಹಿರಿಯರಿಗೆ ಎಪ್ಪತ್ತಾದ ವರ್ಷದಿಂದ ಅದು ಒಂದೂವರೆ ಪಾಲು. ವಯಸ್ಸಾದಂತೆ ಮನುಷ್ಯರು ಕುಗ್ಗುತ್ತಾರೆ ಎಂದು ವೈದ್ಯರು ಹೇಳುತ್ತಾರೆ (ನಮ್ಮ ಅತ್ತೆಯೂ ಎರಡು ಬೆರಳಿನಷ್ಟು ಕುಗ್ಗಿದ್ದರು). ತೆರಿಗೆಯವರ ಕಣ್ಣಿಗೆ ಮಾತ್ರ ಹಿಗ್ಗುತ್ತಾರೆ. ಹೀಗೆ ಹಿಗ್ಗಿದ ಆ ಅರ್ಧ ಅತ್ತೆಗಾಗಿ ನಾನೊಂದು ಮಹಾಸಮರ ಹೂಡಿದೆ. ಗೆದ್ದವಳೂ ನಾನೇ. ಅದೇ ತೊಂದರೆಯಾದದ್ದು.

ಮಾವ ತೀರಿಕೊಂಡಾಗ ನಮ್ಮ ಕಡೆಯ ಪದ್ಧತಿಯಂತೆ ಅತ್ತೆಯನ್ನು ಸರದಿಗೆ ಹಾಕಲಾಯಿತು. ಗಂಡುಮಕ್ಕಳು ತಿಂಗಳಿಗೊಬ್ಬರಂತೆ ತಾಯಿಗೆ ಊಟ ಹಾಕಬೇಕು. ಗಂಡುಮಕ್ಕಳು ಇಬ್ಬರೇ: ತೈಪೆಯಲ್ಲಿರುವ ನನ್ನ ಭಾವ ಗುವೊ-ರೆನ್, ತೈನಾನ್‌ನಲ್ಲಿರುವ ನನ್ನ ಗಂಡ ಗುವೊ-ತುಂಗ್. ಇವರ ಬೆನ್ನಿಗೆ ಹುಟ್ಟಿದ ನಾದಿನಿ ಲೀ-ಯುನ್ ಸಮುದ್ರದ ದಂಡೆಯ ಬುದಾಯ್ ಊರಿಗೆ ಮದುವೆಯಾಗಿ ಹೋದವಳು. ಕೊಟ್ಟ ಹೆಣ್ಣಾದ್ದರಿಂದ ಅವಳನ್ನು ಸರದಿಗೆ ಯಾರೂ ಕರೆಯಲಿಲ್ಲ. ಭಾವನ ಮನೆ ಹನ್ನೊಂದನೆಯ ಮಹಡಿಯಲ್ಲಿ. ಅತ್ತೆಗೆ ಲಿಫ್ಟ್ ಎಂದರೆ ತಲೆಸುತ್ತು, ಕಿಟಕಿ ಎಂದರೆ ಎದೆನಡುಕ. ಮೊದಲ ತಿಂಗಳ ಮೊದಲ ವಾರದಲ್ಲೇ ಸರದಿ ನಮ್ಮ ಮನೆಗೆ ಬಂತು. ಬಂದದ್ದು ಚಪ್ಪಲಿ ಬಿಟ್ಟು, ಕಾಲು ಚಾಚಿ, ಒಂಬತ್ತು ವರ್ಷ ಕೂತಿತು.

ಊಟದ ಸರದಿ ಹೀಗೆ ಮುರಿದು ಬಿದ್ದರೂ ತೆರಿಗೆಯ ಸರದಿ ಮಾತ್ರ ಗಡಿಯಾರದಂತೆ ನಡೆಯುತ್ತಿತ್ತು. ಅಣ್ಣತಮ್ಮಂದಿರು ಮಾವನ ಉತ್ತರಕ್ರಿಯೆಯ ಊಟದ ಮೇಜಿನಲ್ಲೇ ಒಪ್ಪಿಕೊಂಡದ್ದು: ಒಂದು ವರ್ಷ ಅಮ್ಮನ ಹೆಸರು ಅಣ್ಣನ ಅರ್ಜಿಯಲ್ಲಿ, ಮರುವರ್ಷ ತಮ್ಮನ ಅರ್ಜಿಯಲ್ಲಿ. ಅಂದರೆ ಅತ್ತೆ ಕಾಗದದ ಮೇಲೆ ವರ್ಷ ಬಿಟ್ಟು ವರ್ಷ ತೈಪೆಗೆ ಹೋಗಿ ಬರುತ್ತಿದ್ದರು. ಲಿಫ್ಟು ಹತ್ತದೆ.

ನಮ್ಮಲ್ಲಿ ಅರ್ಜಿ ತುಂಬುವುದು ಮೇ ತಿಂಗಳಲ್ಲಿ. ಆ ವರ್ಷದ ಮೇ ಭಾವನದು. ಏಪ್ರಿಲ್ ಕೊನೆಯ ವಾರ ಅತ್ತೆಯ ಕಣ್ಣಿನ ಪೊರೆ ತೆಗೆಸಿ ಕರೆದುಕೊಂಡು ಬಂದಿದ್ದೆ. ದಿನಕ್ಕೆ ನಾಲ್ಕು ಸಲ ಹನಿ. ಅವರನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ರೆಪ್ಪೆ ಅಗಲಿಸಿ ಹನಿ ಬಿಡುತ್ತಿರುವಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕಣ್ಣು ಹೇಗಿದೆ ಎಂದು ಕೇಳಿದಳು. ಅತ್ತೆ ಒರಗಿದಲ್ಲಿಂದಲೇ, ತೈಪೆಯಿಂದ ದೊಡ್ಡ ಮಗ ಎರಡು ಸಲ ಫೋನ್ ಮಾಡಿದ್ದ, ಅವನಿಗೆ ನನ್ನದೇ ಚಿಂತೆ ಎಂದು ಹೆಮ್ಮೆಯಿಂದ ಹೇಳಿದರು. ಹನಿ ಗುರಿ ತಪ್ಪಿ ಅವರ ಕಿವಿಗೆ ಬಿತ್ತು. (ಬೇಕೆಂದು ಮಾಡಿದ್ದಲ್ಲ. ಪೂರ್ತಿ ಅಲ್ಲ.)

ಆ ಗಳಿಗೆಯಲ್ಲಿ ನನಗೆ ಜ್ಞಾನೋದಯವಾಯಿತು. ಒಂಬತ್ತು ವರ್ಷ ಸಾಕಿ ಸಾಕಿ ನನಗೇ 'ಸಾಕು' ಎನ್ನಿಸುವಷ್ಟು ಸಾಕಿದ್ದೇನೆ. ಈ ವರ್ಷ ಅತ್ತೆ ಒಂದೂವರೆಯಾಗಿದ್ದಾರೆ. ಆ ಒಂದೂವರೆಯನ್ನು ಫೋನ್ ಮಾಡಿದವರು ಹೊಡೆದುಕೊಂಡು ಹೋಗಬೇಕೇ?

ಮೇ ಒಂದರ ಬೆಳಿಗ್ಗೆ, ತಿಂಡಿಯಾದ ಕೂಡಲೇ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಗಂಡ ಮೀನಿನ ಮೇವು ಮಾರುವ ಕಂಪನಿಯಲ್ಲಿ ಗುಮಾಸ್ತ. ಯಾರು ಏನು ಹೇಳಿದರೂ 'ಆಗಲಿ' ಎನ್ನುವುದು ಅವನ ಸ್ವಭಾವ. ಇಬ್ಬರು ಒಂದಕ್ಕೊಂದು ವಿರುದ್ಧವಾದದ್ದನ್ನು ಹೇಳಿದರೆ ಇಬ್ಬರಿಗೂ 'ಆಗಲಿ' ಎಂದು ಅಲ್ಲಿಂದ ಎದ್ದು ಹೋಗಿಬಿಡುತ್ತಾನೆ. ಅಂಥವನು ಅವತ್ತು ಮಾತ್ರ ನನ್ನ ಬೆನ್ನ ಹಿಂದೆ ಬಂದು ನಿಂತ.

"ಪೇ-ಜೆನ್, ಇದು ಅಣ್ಣನ ವರ್ಷ."

"ಕಣ್ಣಿಗೆ ಹನಿ ಹಾಕೋದು ಯಾರ ವರ್ಷ?"

"ಅದು ಬೇರೆ, ಇದು ಬೇರೆ."

"ಅದೇ ನಾನೂ ಹೇಳ್ತಿರೋದು. ಅದು ನಂಗೆ, ಇದು ಅವ್ರಿಗೆ. ಒಂಬತ್ತು ವರ್ಷದಿಂದ ಬೇರೆ ಬೇರೇನೇ."

ಅವನು, ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೆ, ಅಮ್ಮನಿಗೆ ಗೊತ್ತಾದರೆ ಚೆನ್ನಾಗಿರುವುದಿಲ್ಲ ಎಂದೆಲ್ಲ ಗೊಣಗಿದ. ಅಮ್ಮ ಪಕ್ಕದ ಕೋಣೆಯಲ್ಲಿ ಟಿವಿಯ ನಾಟಕ ನೋಡುತ್ತಾ ಗಂಜಿಗೆ ಸಿಹಿಗೆಣಸು ಹೆಚ್ಚುತ್ತಿದ್ದರು. ನಾನು ಅವರ ಹೆಸರನ್ನು ನಮ್ಮ ಪಟ್ಟಿಗೆ ಸೇರಿಸಿ ಕಳುಹಿಸಿಬಿಟ್ಟೆ. ಕರಮುಗಿದು ಕರ ಕಟ್ಟುವ ನಾಡಿನಲ್ಲಿ ನಾನು ಕರ ಎತ್ತಿದ್ದು ಅದೇ ಮೊದಲು.

ಭಾವ ತಮ್ಮ ಪದ್ಧತಿಯಂತೆ ಮೂರನೆಯ ತಾರೀಕು ಅರ್ಜಿ ಹಾಕಿದರು. ಅತ್ತೆಯ ಹೆಸರು ಸೇರಿಸಿ.

ಸರಕಾರಕ್ಕೆ ಕಣ್ಣು ನಿಧಾನ, ಆದರೆ ಪೊರೆ ಇಲ್ಲ. ಅಕ್ಟೋಬರಿನಲ್ಲಿ ಇಬ್ಬರ ಮನೆಗೂ ಒಂದೇ ತರಹದ ಕಾಗದ ಬಂತು. ಒಬ್ಬರೇ ಹಿರಿಯರನ್ನು ಇಬ್ಬರು ಸಾಕುತ್ತಿರುವುದಾಗಿ ಹೇಳಿಕೊಂಡಿದ್ದೀರಿ. ನಿಮ್ಮಲ್ಲೇ ಮಾತಾಡಿಕೊಂಡು ಒಬ್ಬರು ಬಿಟ್ಟುಕೊಡಿ. ಆಗದಿದ್ದರೆ ನಿಜವಾಗಿ ಸಾಕುತ್ತಿರುವವರು ಯಾರೆಂಬುದಕ್ಕೆ ಪುರಾವೆ ತನ್ನಿ. ತಾಯಿಯನ್ನು ತಾವು ಸಾಕುತ್ತಿಲ್ಲ ಎಂದು ಜಗಳವಾಡುವ ಮಕ್ಕಳನ್ನು ನೀವು ನೋಡಿರಬಹುದು. ತಾವೇ ಸಾಕುತ್ತಿರುವುದು ಎಂದು ಜಗಳವಾಡುವವರನ್ನು ನೋಡಬೇಕಾದರೆ ತೆರಿಗೆ ಕಚೇರಿಗೆ ಹೋಗಬೇಕು.

ಅವತ್ತೇ ಭಾವನ ಫೋನು ಬಂತು. ಭಾವ ಬಹಳ ಮರ್ಯಾದಸ್ಥರು. ಕೋಪ ಬಂದಷ್ಟೂ ಅವರ ಮಾತು ಮೃದುವಾಗುತ್ತದೆ. ಅವತ್ತು ರೇಷ್ಮೆಯಾಗಿತ್ತು. ಎಲ್ಲೋ ತಪ್ಪಿ ಬಿದ್ದಿರಬೇಕು, ನೀವು ತೆಗೆದುಬಿಟ್ಟರೆ ಆಯಿತು ಎಂದರು.

"ತಪ್ಪಿ ಬಿದ್ದಿಲ್ಲ ದೊಡ್ಡಣ್ಣ, ನಾನೇ ಹಾಕಿದ್ದು," ಎಂದೆ.

"ನಾವು ಮಾತಾಡ್ಕೊಂಡಿದ್ವಲ್ಲ ಪೇ-ಜೆನ್. ಅಪ್ಪನ ಫೋಟೋ ಎದುರಿಗೇ ಮಾತಾಡ್ಕೊಂಡಿದ್ವಿ."

"ಆವಾಗ ಮಾತಾಡಿದ್ದು ಒಬ್ಬ ಅಮ್ಮನ ಬಗ್ಗೆ. ಮೇಲಿನ ಅರ್ಧದ ಮಾತು ಯಾರೂ ಎತ್ತಿರಲಿಲ್ಲ."

ಭಾವ, ಹಾಗಾದರೆ ಆ ಅರ್ಧವನ್ನು ನಿಮಗೆ ಬೇರೆ ರೀತಿಯಲ್ಲಿ ಕೊಟ್ಟುಬಿಡುತ್ತೇನೆ ಎಂದರು. ಅಲ್ಲಿಗೆ ನಾನು ಒಪ್ಪಿಬಿಟ್ಟಿದ್ದರೆ ಈ ಕಥೆಯೇ ಇಲ್ಲ. ಆದರೆ ನನಗೆ ಬೇಕಾಗಿದ್ದದ್ದು ಉಳಿಯುವ ತೆರಿಗೆಯಲ್ಲ. ಅದರಲ್ಲಿ ಹೆಚ್ಚೆಂದರೆ ಒಂದು ಒಳ್ಳೆಯ ಅನ್ನದ ಕುಕ್ಕರ್ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಕಾಗದ. ಹೊಸ ವರ್ಷದ ಹಬ್ಬದಲ್ಲಿ ಇಡೀ ಬಳಗ ಭಾವ ತಂದ ಅನಾನಸ್ ಕೇಕಿನ ಡಬ್ಬಿಯನ್ನು ಹೊಗಳುತ್ತದೆ. ಆ ಡಬ್ಬಿಯನ್ನು ಇಟ್ಟ ಮೇಜು ಒರೆಸಿದವಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅತ್ತೆ ಕೆಟ್ಟವರಲ್ಲ. ನಾನು ಮಾಡಿದ್ದನ್ನು ತಿನ್ನುತ್ತಾರೆ, ಕರೆದಲ್ಲಿಗೆ ಬರುತ್ತಾರೆ. ಹೊಗಳುವುದು ಮಾತ್ರ ಊರಲ್ಲಿಲ್ಲದವರನ್ನು. ಆದ್ದರಿಂದ, ಈ ಹೆಂಗಸನ್ನು ನೋಡಿಕೊಂಡದ್ದು ಪೇ-ಜೆನ್‌ಳ ಮನೆ ಎಂದು ಸರಕಾರವಾದರೂ ಮೊಹರು ಒತ್ತಿ ಹೇಳಲಿ ಎಂಬ ಆಸೆ ನನಗೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಪುರಾವೆಯ ಕೆಲಸ ಶುರುವಾಯಿತು. ನಾನು ಓದಿದ್ದು ಕ್ರೈಸ್ತ ಸನ್ಯಾಸಿನಿಯರ ಹೆಣ್ಣುಮಕ್ಕಳ ಶಾಲೆಯಲ್ಲಿ. ಅಲ್ಲಿ ಸಿಸ್ಟರ್ ಮೋನಿಕಾ ನಮಗೆ ಎರಡು ವಿಷಯ ಕಲಿಸಿದ್ದರು: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಮತ್ತು ಪ್ರತಿ ತಲೆಬರಹದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಕು. ನನ್ನಲ್ಲಿ ಉಳಿದದ್ದು ಎರಡನೆಯದು. ದಪ್ಪ ಹಸಿರು ಕಡತವೊಂದನ್ನು ತಂದು ನಾಲ್ಕು ಭಾಗ ಮಾಡಿದೆ: ಆಹಾರ, ಔಷಧ, ಓಡಾಟ, ಸಂತೋಷ. ಔಷಧಕ್ಕೆ ಚೀಟಿಗಳು ಬೇಕಾದಷ್ಟಿದ್ದವು. ಓಡಾಟಕ್ಕೆ ಆಸ್ಪತ್ರೆಯ ಟ್ಯಾಕ್ಸಿ. ಆಹಾರದ ಭಾಗದಲ್ಲಿ ನೆನಪಿದ್ದಷ್ಟನ್ನೂ ಬರೆದೆ: ಮೀನಿನ ಗಂಜಿ, ವಾರಕ್ಕೆ ಮೂರು ಸಲ, ಮುಳ್ಳು ತೆಗೆದು; ಶುಂಠಿ ಹಾಕಿದ ಕೋಳಿ ಸಾರು, ಚಳಿಗಾಲದಲ್ಲಿ; ಕಾಲು ನೆನೆಸಲು ಬಿಸಿನೀರು, ಆಹಾರವಲ್ಲದಿದ್ದರೂ ಬೇರೆ ಜಾಗವಿಲ್ಲದ್ದರಿಂದ ಇಲ್ಲಿ. ಸಂತೋಷದ ಭಾಗಕ್ಕೆ ಎಷ್ಟು ಹುಡುಕಿದರೂ ಎರಡೇ ಫೋಟೋ ಸಿಕ್ಕಿದವು. ಅದರಲ್ಲಿ ಒಂದು ಕೂದಲು ಕತ್ತರಿಸಿಕೊಳ್ಳುತ್ತಿರುವಾಗಿನದು.

ಕೊರತೆ ತುಂಬಲು ಒಂದೇ ವಾರದಲ್ಲಿ ಒಂಬತ್ತು ವರ್ಷದ ಫೋಟೋ ತೆಗೆದೆ. ಅತ್ತೆಗೆ ಬೆಳಿಗ್ಗೆ ಹೂವಿನ ಅಂಗಿ, ಮಧ್ಯಾಹ್ನ ಸ್ವೆಟರು, ಸಂಜೆ ದಪ್ಪ ಕೋಟು. ತೈನಾನ್‌ನ ಅಕ್ಟೋಬರಿನಲ್ಲಿ ಕೋಟು ಹಾಕಿಕೊಂಡವರ ಹಣೆಯ ಬೆವರು ನೋಡಿ, ಬಿಸಿ ಸಾರು ಕುಡಿದದ್ದರಿಂದ ಎಂದು ಫೋಟೋದ ಕೆಳಗೆ ಬರೆದೆ. ಅವರು ಹೇಳಿದಂತೆ ಕೂತರು, ಹೇಳಿದಂತೆ ಬಟ್ಟಲು ಎತ್ತಿದರು. ಮೂರನೆಯ ದಿನ ಮಾತ್ರ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಇದರಲ್ಲಿ ಶವಪೆಟ್ಟಿಗೆಯ ಮುಂದೆ ಇಡುವ ಫೋಟೋ ಯಾವುದು ಎಂದು ಕೇಳಿದರು. ನಮ್ಮಲ್ಲಿ ವಯಸ್ಸಾದವರು ಅದನ್ನು ಮುಂಚೆಯೇ ಆರಿಸಿಡುವುದುಂಟು. ಛೆ, ಅದಲ್ಲ ಅಮ್ಮ, ಸರಕಾರಕ್ಕೆ ಎಂದೆ. ಸರಕಾರಕ್ಕೆ ನನ್ನ ಫೋಟೋ ಯಾಕೆ ಎಂದರು. ನೀವು ಚೆನ್ನಾಗಿದ್ದೀರಿ ಅಂತ ತೋರಿಸುವುದಕ್ಕೆ ಎಂದೆ. ಹಾಗಾದರೆ ನಗಬೇಕೇನೋ ಎಂದು ನಕ್ಕರು. ಆ ಫೋಟೋ ಕಡತದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು.

ಇಷ್ಟರ ಮೇಲೆ ವಾರ್ಡಿನ ಮುಖಂಡರ ಸಹಿಯೂ ಬೇಕಾಗಿತ್ತು. ನಮ್ಮ ವಾರ್ಡಿನ ಮುಖಂಡ ಹ್ಸು ಸ್ಕೂಟರ್ ರಿಪೇರಿಯವನು. ಬಿಡುವಾದಾಗ ಜನರ ಸಂಸಾರವನ್ನೂ ರಿಪೇರಿ ಮಾಡುತ್ತಾನೆ, ಸಂಸಾರಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಒಬ್ಬ ಹಿರಿಯರು ಯಾರ ಮನೆಯಲ್ಲಿದ್ದಾರೆ, ಯಾರ ಅನ್ನ ತಿನ್ನುತ್ತಿದ್ದಾರೆ ಎಂದು ಅವನು ಬರೆದುಕೊಟ್ಟರೆ ಕಚೇರಿಯಲ್ಲಿ ಅದಕ್ಕೆ ತೂಕ. ಎಣ್ಣೆಯ ಕೈ ಒರೆಸಿಕೊಂಡು ಬಂದವನು, ನಾನು ಕೊಟ್ಟ ಚಹಾ ಕುಡಿದು, ಬಾಯಿಮಾತಿಗೆ ಅಜ್ಜಿಯನ್ನೂ ಒಂದು ಮಾತು ಕೇಳಬೇಕು ಎಂದ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಚುನಾವಣೆ ಬಂತಾ?" ಎಂದರು ಅವನನ್ನು ನೋಡಿ.

"ಇಲ್ಲ ಅಜ್ಜಿ, ಅದಿನ್ನೂ ದೂರ ಇದೆ. ನಿಮ್ಮನ್ನ ಯಾರು ಸಾಕ್ತಿದ್ದಾರೆ ಅಂತ ಸರಕಾರ ಕೇಳ್ತಿದೆ."

"ಸಾಕೋದಾ?"

"ಹೂಂ. ಯಾರ ಅನ್ನ ತಿಂತೀರಿ ಅಂತ."

ಅತ್ತೆ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿದರು. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕಡತ ನೋಡಿದರು.

"ನಾನು ಈ ಮನೇಲಿ ಇದೀನಿ ಅಂತ ಅಂದ್ಕೊಂಡಿದ್ದೆ," ಎಂದರು. "ಬರ್ಕೋ. ಇವ್ರ ಅನ್ನಾನೇ."

ಆ ಎರಡು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ನಾನು ಹ್ಸುವಿನ ಪೆನ್ನನ್ನೇ ನೋಡುತ್ತಿದ್ದೆ, ಶಾಯಿ ಬರುತ್ತಿದೆಯೋ ಇಲ್ಲವೋ ಎಂದು.

ಕಚೇರಿಯಲ್ಲಿ ಕರೆದ ದಿನ ಭಾವ ರೈಲಿನಲ್ಲಿ ತೈನಾನ್‌ಗೆ ಬಂದಿಳಿದಿದ್ದರು. ಅವರ ಕೈಯಲ್ಲೂ ಒಂದು ಕಡತ. ಅದು ನೀಲಿ. ನನ್ನ ಗಂಡ ಇಬ್ಬರ ನಡುವಿನ ಕುರ್ಚಿಯಲ್ಲಿ, ಎರಡು ದೇಶಗಳ ಗಡಿಯಲ್ಲಿ ನೆಟ್ಟ ಕಲ್ಲಿನಂತೆ ಕೂತಿದ್ದ. ಭಾವನ ಪುರಾವೆಗಳು: ಒಂಬತ್ತು ವರ್ಷದ ರೈಲು ಟಿಕೆಟ್ಟುಗಳು ಹದಿನಾರು, ಕೇಕಿನ ಅಂಗಡಿಯ ಚೀಟಿಗಳು, ಅತ್ತೆಗೆ ಕೊಡಿಸಿದ ಕಾಲೊತ್ತುವ ಯಂತ್ರದ ರಸೀದಿ. (ಅತ್ತೆ ಅದನ್ನು ಹೆದರಿ ಮುಟ್ಟಿರಲಿಲ್ಲ. ಅದರ ಮೇಲೆ ನಾನು ಒಣಗಿದ ಬಟ್ಟೆ ಮಡಿಸಿ ಇಡುತ್ತಿದ್ದೆ.) ಮೇಜಿನ ಆಚೆಗಿದ್ದ ಅಧಿಕಾರಿ ನಮಗೆ ಮಗಳಾಗುವಷ್ಟು ವಯಸ್ಸಿನ ಹುಡುಗಿ. ಎರಡೂ ಕಡತಗಳನ್ನು ಪುಟ ಪುಟವಾಗಿ ನೋಡಿದಳು. ಕೋಟಿನ ಫೋಟೋ ಬಂದಾಗ ತಲೆ ಎತ್ತಿ, ಅಜ್ಜಿ ಬಂದಿಲ್ಲವೇ ಎಂದು ಕೇಳಿದಳು. ಅವರನ್ನು ಕರೆತರಬಹುದೆಂದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಾದ ಹೆಚ್ಚೇನೂ ನಡೆಯಲಿಲ್ಲ. ಜೊತೆಯಲ್ಲಿ ಇರುವವರು ನೀವು, ಮುಖಂಡರ ಸಹಿ ಇದೆ, ಕಣ್ಣಿನ ಆಸ್ಪತ್ರೆಯ ಚೀಟಿಯಲ್ಲಿ ನಿಮ್ಮ ಹೆಸರಿದೆ ಎಂದು ಹುಡುಗಿ ನಮ್ಮ ಕಡೆಗೆ ತಲೆಯಾಡಿಸಿದಳು. ಭಾವ, ಆ ವಿನಾಯಿತಿಯಿಂದ ಕಡಿಮೆ ಕಟ್ಟಿದ್ದ ತೆರಿಗೆಯನ್ನು ಕಟ್ಟಿಬಿಡುವುದಾಗಿ ಒಪ್ಪಿ ಸಹಿ ಹಾಕಿದರು. ಹೊರಗೆ ಮೆಟ್ಟಿಲ ಮೇಲೆ ಅವರು ನನ್ನನ್ನು ನಿಲ್ಲಿಸಿ, ಅಮ್ಮನ ಕಣ್ಣು ಈಗ ಹೇಗಿದೆ ಎಂದು ಕೇಳಿದರು. ಗೆದ್ದ ಹುಮ್ಮಸ್ಸಿನಲ್ಲಿ ನಾನು, ಔಷಧ ವಿಭಾಗ, ನಾಲ್ಕನೆಯ ಪುಟ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೊಡೆ ಬಿಚ್ಚಿದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಮನೆಗೆ ಬಂದು ಊಟ ಮಾಡಿ ಹೋಗಣ್ಣ ಎಂದು ನನ್ನ ಗಂಡ ಎರಡು ಸಲ ಕರೆದ. ರೈಲಿಗೆ ಹೊತ್ತಾಯಿತು ಎಂದರು. ತೈನಾನ್‌ಗೆ ಬಂದು ತಾಯಿಯ ಮುಖ ನೋಡದೆ ಭಾವ ಹಿಂತಿರುಗಿದ್ದು ಅದೇ ಮೊದಲು. ಅವರು ಬಂದಿದ್ದರೆಂದು ಅತ್ತೆಗೆ ನಾವೂ ಹೇಳಲಿಲ್ಲ. ಅವರಿಗೆ ಹೇಗೋ ಗೊತ್ತಾಯಿತು.

ಡಿಸೆಂಬರಿನಲ್ಲಿ ತೀರ್ಮಾನದ ಕಾಗದ ಬಂತು. ಮೊಹರು ದುಂಡಗೆ, ಕೆಂಪಗೆ, ಪೂರ್ಣಚಂದ್ರನ ಹಾಗೆ ಬಿದ್ದಿತ್ತು. ಅದನ್ನು ಎತ್ತಿ ಹಿಡಿದುಕೊಂಡೇ ಅತ್ತೆಯ ಕೋಣೆಗೆ ಹೋದೆ.

"ಅಮ್ಮ, ಇನ್ನು ಕಾನೂನಿನ ಪ್ರಕಾರವೂ ನೀವು ನಮ್ಮವರೇ."

ಅವರು ಕಾಗದವನ್ನು ನೋಡಲಿಲ್ಲ. ಆ ಹಸಿರು ಪುಸ್ತಕ ಕೊಡು, ಓದುತ್ತೇನೆ ಎಂದರು.

ಅತ್ತೆ ಓದಿದ್ದು ಮೂರನೆಯ ತರಗತಿ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಭೂತಕನ್ನಡಿ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮೂರು ಮಧ್ಯಾಹ್ನ ಓದಿದರು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಒಂಬತ್ತು ವರ್ಷ ಬಾಯಿಬಿಟ್ಟು ಹೇಳಿಕೊಳ್ಳಲಾಗದ್ದನ್ನೆಲ್ಲ ಅವರು ಈಗ ತಾವೇ ಓದುತ್ತಿದ್ದಾರೆ. ಮುಳ್ಳು ತೆಗೆದದ್ದು, ಕಾಲು ತೊಳೆದದ್ದು, ಹನಿ ಹಾಕಿದ್ದು. ಪುಣ್ಯ, ಕಿವಿಗೆ ಬಿದ್ದ ಹನಿಯನ್ನು ನಾನು ಬರೆದಿರಲಿಲ್ಲ. ಮೂರನೆಯ ದಿನ ಕಡತ ಮುಚ್ಚಿ ನನ್ನನ್ನು ಕರೆದರು.

"ಒಂದು ಬಿಟ್ಟುಹೋಗಿದೆ," ಎಂದರು. "ನೀನಿನ್ನೂ ಕೆಲಸಕ್ಕೆ ಹೋಗ್ತಿದ್ದ ಆ ವರ್ಷ, ನಂಗೆ ಜ್ವರ ಬಂದಾಗ ಮೂರು ದಿನ ಹೋಗ್ಲಿಲ್ಲ. ಅದನ್ನ ಬರೆದಿಲ್ಲ."

ನನ್ನ ಕಣ್ಣು ತುಂಬಿ ಬಂತು. ಅತ್ತೆಯ ಮುಂದೆ ಅತ್ತೆ. (ಈ ಶ್ಲೇಷೆಗಾಗಿ ಕ್ಷಮಿಸಿ, ಅಳು ಮಾತ್ರ ನಿಜ.) ಅಂತೂ ಇವರ ನೆನಪಿನಲ್ಲಿದೆಯಲ್ಲ ಎಂದುಕೊಂಡೆ. ಆ ಮಾತನ್ನು ನಾನು ಪ್ರಶಸ್ತಿಪತ್ರ ಎಂದು ತೆಗೆದುಕೊಂಡೆ. ಅವರು ಹೇಳಿದ್ದು ತಾವು ತೀರಿಸಬೇಕಾದ ಬಾಕಿ ಎಂದು.

ಮರುದಿನ ಮಧ್ಯಾಹ್ನ ಊಟಕ್ಕೆ ಕರೆದೆ. ಬಂದು ಕೂತರು. ಅಂಗಿಯ ಕಾಲರು ಸರಿಮಾಡಿಕೊಂಡರು, ಬಟ್ಟಲನ್ನು ಎದೆಯ ಎತ್ತರಕ್ಕೆ ಎತ್ತಿ ಹಿಡಿದು ನನ್ನತ್ತ ತಿರುಗಿ ಸುಮ್ಮನಾದರು. ಏನಮ್ಮ ಎಂದೆ. ಫೋಟೋ ತೆಗೆದುಕೋ, ಆಮೇಲೆ ತಿನ್ನುತ್ತೇನೆ ಎಂದರು. ಬೇಡ ಅಮ್ಮ, ಅದೆಲ್ಲ ಮುಗಿಯಿತು ಎಂದರೆ ಕೇಳಲಿಲ್ಲ. ಮುಂದಿನ ವರ್ಷವೂ ಕೇಳಿದರೆ ಪಾಪ ನೀನು ಮತ್ತೆ ಎಲ್ಲಿ ಹುಡುಕುತ್ತೀಯ ಎಂದರು. ವ್ಯಂಗ್ಯವಾಗಿ ಆಡಿದ್ದರೆ ನಾನೂ ನಾಲ್ಕು ಆಡಿ ಹಗುರಾಗುತ್ತಿದ್ದೆ. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅಂದಿನಿಂದ ಪ್ರತಿ ಊಟಕ್ಕೂ, ಸರಕಾರದ ಕೆಲಸಕ್ಕೆ ತಮ್ಮಿಂದಾದ ಸಹಾಯ ಎನ್ನುವ ಹಾಗೆ, ಗಂಜಿ ಆರುವವರೆಗೂ ಬಟ್ಟಲು ಹಿಡಿದು ಕಾಯುತ್ತಿದ್ದರು. ಕೊನೆಗೆ ನಾನೇ ಸೋತು ಫೋನ್ ಎತ್ತಿ ತೆಗೆದ ಹಾಗೆ ಮಾಡುತ್ತಿದ್ದೆ.

ಆಮೇಲೆ ಬದಲಾವಣೆಗಳು ಒಂದೊಂದಾಗಿ ಬಂದವು. ಸ್ನಾನದ ನೀರು ಅರ್ಧ ಬಕೆಟ್ಟಿಗೆ ಇಳಿಯಿತು. ಕಾಲು ನೆನೆಸುವುದು ನಿಂತಿತು. ಮೀನಿನ ಮುಳ್ಳನ್ನು ತಾವೇ ತೆಗೆದುಕೊಳ್ಳತೊಡಗಿದರು. ಒಂದು ದಿನ ಮಾರುಕಟ್ಟೆಯಿಂದ ಬಂದವರು ಬಾಗಿಲಲ್ಲೇ ನಿಂತು, "ಇವತ್ತು ಬರೀಬೇಡ, ನಾನು ಹೊರಗೇ ತಿಂದು ಬಂದೆ," ಎಂದರು.

ನಾನು ಗಂಡನ ಹತ್ತಿರ ಹೇಳಿಕೊಂಡೆ. ಅವನು ನ್ಯೂಸ್ ಪೇಪರ್ ಮಡಿಸಿ ಪಕ್ಕಕ್ಕಿಟ್ಟ.

"ನೀನು ಬರೆದದ್ರಲ್ಲಿ ಸುಳ್ಳು ಒಂದೂ ಇಲ್ಲ ಪೇ-ಜೆನ್."

"ಮತ್ತೆ?"

"ನಮ್ಮಮ್ಮ ನಮ್ಮಿಬ್ಬರನ್ನೂ ಸಾಕಿದಾಗ ಏನೂ ಬರೆದಿಟ್ಟಿರಲಿಲ್ಲ. ಅವಳಿಗೆ ಸರಿಯಾಗಿ ಬರೆಯೋಕೆ ಬರ್ತಿರಲಿಲ್ಲ, ಅಷ್ಟೇ ಇರ್ಬೋದು."

ಎಲ್ಲರಿಗೂ 'ಆಗಲಿ' ಎನ್ನುವವರ ಜೊತೆ ಸಂಸಾರ ಮಾಡುವುದರಲ್ಲಿ ಇದೊಂದು ಅಪಾಯವಿದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಅವರು ಬೇರೇನಾದರೂ ಹೇಳಿಬಿಡುತ್ತಾರೆ.

ಫೆಬ್ರವರಿಯಲ್ಲಿ ಬಂದ ನಮ್ಮ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆ ಭಾವನ ಮನೆಯವರು ಬರಲಿಲ್ಲ. ಮಗನಿಗೆ ಪರೀಕ್ಷೆ ಎಂದು ಓರಗಿತ್ತಿ ಫೋನ್ ಮಾಡಿದಳು. ಕೇಕಿನ ಡಬ್ಬಿ ಕೊರಿಯರ್‌ನಲ್ಲಿ ಬಂತು. ಅದನ್ನು ಯಾರೂ ಹೊಗಳಲಿಲ್ಲ. ಹೊಗಳಲು ಮೇಜಿನ ಸುತ್ತ ಯಾರಿದ್ದರು? ಹಬ್ಬದ ಎರಡನೆಯ ದಿನ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಪದ್ಧತಿ. ಲೀ-ಯುನ್ ಗಂಡನ ಸಣ್ಣ ಟ್ರಕ್ಕಿನಲ್ಲಿ ಮೀನಿನ ವಾಸನೆಯೊಂದಿಗೆ ಬಂದಳು, ಉಂಡಳು, ಗಲಗಲ ಮಾತಾಡಿದಳು. ಸಂಜೆ ಅವಳು ಹೊರಟಾಗ ಅತ್ತೆ ಒಂದು ಚೀಲ ಹಿಡಿದುಕೊಂಡು ಹಿಂದೆಯೇ ಬಂದರು. ಎರಡು ದಿನ ಸಮುದ್ರದ ಗಾಳಿಯಲ್ಲಿದ್ದು ಬರುತ್ತೇನೆ ಎಂದರು. ಮಗಳು ತವರಿಗೆ ಬರುವ ದಿನ ತಾಯಿ ಮಗಳ ಮನೆಗೆ ಹೋಗುವುದನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಪಕ್ಕದ ಮನೆಯಾಕೆ ಬಾಗಿಲಿನ ಹಬ್ಬದ ಕೆಂಪು ಕಾಗದವನ್ನು ಸರಿಮಾಡುವ ನೆಪದಲ್ಲಿ ಟ್ರಕ್ಕು ತಿರುವು ದಾಟುವವರೆಗೂ ನಿಂತಿದ್ದಳು.

ಆ ಎರಡು ದಿನ ಎರಡು ತಿಂಗಳು ದಾಟಿತು. ಫೋನ್ ಮಾಡಿದಾಗಲೆಲ್ಲ ನಾಡಿದ್ದು ಬರುತ್ತೇನೆ ಎನ್ನುತ್ತಿದ್ದರು. ಅಕ್ಕರೆಯಿಂದಲೇ ಎನ್ನುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ತೈಪೆಯಿಂದ ಭಾವನೂ ಫೋನ್ ಮಾಡಿದರು. ಮಾತು ರೇಷ್ಮೆಯಾಗಿರಲಿಲ್ಲ, ಸ್ವಲ್ಪ ಒರಟಾಗಿತ್ತು. ಹಾಗಾದ್ದರಿಂದ ಕೋಪ ಹೋಗಿದೆ ಎಂದು ತಿಳಿಯಿತು. ಈ ವರ್ಷ ಮಾತ್ರವಲ್ಲ, ಇನ್ನು ಎಲ್ಲ ವರ್ಷವೂ ಅಮ್ಮನ ಹೆಸರು ನೀವೇ ಹಾಕಿಕೊಳ್ಳಿ, ಅದೇ ಸರಿ, ಅಮ್ಮ ಇರುವುದು ನಿಮ್ಮ ಮನೆಯಲ್ಲಿ ತಾನೆ ಎಂದರು. ನಾನು ಹೂಂ ಎಂದೆ. ಬೇರೆ ಏನು ಹೇಳಲಿ? ಗೆದ್ದ ಆಸ್ತಿ ಕೈಬಿಟ್ಟು ಹೋಗಿ ಹತ್ತು ವಾರವಾಗಿದೆ ಎಂದು ಸೋತವರಿಗೆ ಹೇಗೆ ಹೇಳುವುದು?

ಮರುದಿನವೇ ಬುದಾಯ್‌ಗೆ ಹೊರಟೆ. ಅತ್ತೆಯನ್ನು ಕರೆದುಕೊಂಡೇ ಬರುತ್ತೇನೆ ಎಂಬ ಧೈರ್ಯದಲ್ಲಿ ವಾಪಸು ಬರಲು ಎರಡು ಟಿಕೆಟ್ಟು ತೆಗೆದುಕೊಂಡಿದ್ದೆ.

ಲೀ-ಯುನ್ ಮನೆಯ ಪಕ್ಕದ ತಗಡಿನ ಚಾವಣಿಯ ಕೆಳಗೆ ಹೆಂಗಸರು ಸಾಲಾಗಿ ಕೂತು ಸಿಂಪಿ ಬಿಡಿಸುತ್ತಿದ್ದರು. ಒಬ್ಬೊಬ್ಬರ ಮುಂದೆಯೂ ಚಿಪ್ಪಿನ ಗುಡ್ಡ. ಅತ್ತೆ ತುದಿಯಲ್ಲಿದ್ದರು. ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು, ಮೊಂಡು ಚೂರಿಯಿಂದ ಒಂದೇ ತಿರುವಿಗೆ ಚಿಪ್ಪು ಬಿಚ್ಚಿ ಒಳಗಿನದನ್ನು ಬೋಗುಣಿಗೆ ಹಾರಿಸುತ್ತಿದ್ದರು. ನಮ್ಮ ಮನೆಯಲ್ಲಿ ಔಷಧದ ಶೀಶೆಯ ಮುಚ್ಚಳ ತೆಗೆಯಲು ನನ್ನನ್ನು ಕರೆಯುತ್ತಿದ್ದ ಕೈ ಅದೇ. ಪಕ್ಕದಲ್ಲಿದ್ದ ಮುದುಕಿಗೆ ಏನೋ ಹೇಳಿ ನಗುತ್ತಿದ್ದರು. ಸಂತೋಷದ ಭಾಗಕ್ಕೆ ಬೇಕಾಗಿದ್ದ ಫೋಟೋ ಅದು. ನಾನು ಫೋನ್ ಹೊರಗೆ ತೆಗೆಯಲಿಲ್ಲ.

ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಖುಷಿಯಾಯಿತು. ಕೈ ತೊಳೆದು, ತಾವೇ ಒಲೆ ಹಚ್ಚಿ ಸಿಂಪಿಯ ಗಂಜಿ ಮಾಡಿದರು. ಬಡಿಸಿ ಎದುರಿಗೆ ಕೂತು, ನಾನು ತಿನ್ನುವುದನ್ನು ನೋಡಿದರು. ಸೊರಗಿದ್ದೀಯ ಎಂದರು. ಮತ್ತೊಂದು ಸೌಟು ಹಾಕಿದರು. ಅದು ಮುಗಿಯುವ ಮೊದಲೇ ನಾನು, ಮನೆಗೆ ಬನ್ನಿ ಅಮ್ಮ, ಆ ಕಡತ ಹರಿದು ಹಾಕಿದ್ದೇನೆ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಮದುವೆಯಾದ ಮೇಲೆ ಆ ಮಾತನ್ನು ಅವರಿಗೆ ಹೇಳಿದ್ದು ಅದೇ ಮೊದಲು; ಅನ್ನ ಬಾಯಲ್ಲಿದ್ದದ್ದರಿಂದ ಸ್ಪಷ್ಟವಾಗಿ ಬರಲಿಲ್ಲ.

"ನಿಂದೇನೂ ತಪ್ಪಿಲ್ಲ ಮಗಳೇ," ಎಂದರು ಅತ್ತೆ. "ನೀನು ನನ್ನ ಚೆನ್ನಾಗಿ ನೋಡ್ಕೊಂಡಿದ್ದೀಯ. ನಂಗೊತ್ತು. ಓದಿದೀನಲ್ಲ."

"ಮತ್ತೆ ಬರೋದಕ್ಕೇನು?"

ಅವರು ಸೌಟನ್ನು ಪಕ್ಕಕ್ಕಿಟ್ಟರು. "ಅಲ್ಲಿ ಊಟಕ್ಕೆ ಕೂತ್ರೆ, ನಾನು ತಿಂದಿದ್ದು ಯಾರ್ದೋ ಅರ್ಜಿಗೆ ಹೋಗತ್ತೆ ಅನ್ಸತ್ತೆ. ತೈಪೆಗೆ ಹೋದ್ರೂ ಅಷ್ಟೇ. ಲೀ-ಯುನ್ ಆದ್ರೆ ಕೊಟ್ಟ ಹೆಣ್ಣು. ನನ್ನ ಹೆಸರು ಹೇಳ್ಕೊಂಡು ಇವ್ಳಿಗೆ ಒಂದು ಕಾಸೂ ಉಳಿಯಲ್ಲ. ಇಲ್ಲಿ ಅನ್ನ ತಿಂದ್ರೆ ಬರೀ ಅನ್ನ."

ನಾನು ಬಟ್ಟಲಿನಲ್ಲಿ ಮುಖ ಹುದುಗಿಸಿದೆ. ಏಕೆಂದರೆ ಈ ವಿಷಯದಲ್ಲಿ ನನ್ನಷ್ಟು ಕಾನೂನು ಓದಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಸರದಿಗೆ ಹೆಣ್ಣುಮಕ್ಕಳಿಲ್ಲ ಎನ್ನುವುದು ನಮ್ಮ ಪದ್ಧತಿ. ಕಾನೂನಿಗೆ ಆ ಪದ್ಧತಿ ಗೊತ್ತಿಲ್ಲ. ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಕೊಟ್ಟ ಹೆಣ್ಣಾದರೂ ಅಷ್ಟೇ. ಎಪ್ಪತ್ತು ದಾಟಿದ ತಾಯಿಯನ್ನು ಸಾಕಿದರೆ ಅವಳಿಗೂ ಪೂರ್ತಿ ಒಂದೂವರೆ.

ಬಸ್ ನಿಲ್ದಾಣದವರೆಗೆ ಲೀ-ಯುನ್ ಜೊತೆಗೆ ಬಂದಳು. ನಾನು ಮಾಡಿದ ಅನ್ಯಾಯಕ್ಕೆ ಒಂದಿಷ್ಟಾದರೂ ಪರಿಹಾರವಾಗಲಿ ಎಂದು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೇ ತಿಂಗಳು ಬರುತ್ತಿದೆ, ನೀನೇ ಹಾಕಿಕೋ, ಯಾರೂ ಬೇಡವೆನ್ನುವುದಿಲ್ಲ, ಬೇಕಿದ್ದರೆ ಅರ್ಜಿ ನಾನೇ ತುಂಬಿಕೊಡುತ್ತೇನೆ, ಅದೊಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ ಎಂದೆ. ಅವಳು ರಸ್ತೆಯ ಮೇಲೆ ಬಿದ್ದಿದ್ದ ಚಿಪ್ಪೊಂದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

"ಗೊತ್ತು ಅತ್ತಿಗೆ. ಹೋದ ವರ್ಷಾನೇ ಕೇಳಿ ತಿಳ್ಕೊಂಡಿದ್ದೆ. ಅಮ್ಮಂಗೆ ಮಾತ್ರ ಹೇಳ್ಬೇಡಿ." ದನಿ ತಗ್ಗಿಸಿದಳು. "ಗೊತ್ತಾದ್ರೆ ಇಲ್ಲಿಂದಾನೂ ಎದ್ದು ಹೋಗ್ತಾಳೆ. ಆಮೇಲೆ ಅವ್ಳಿಗೆ ಹೋಗೋಕೆ ಇನ್ಯಾರ ಮನೆ ಇದೆ?"

ಬಸ್ಸು ಬಂತು. ಹತ್ತುವಾಗ ಚಾಲಕ ನನ್ನ ಕೈಯಲ್ಲಿದ್ದ ಎರಡು ಟಿಕೆಟ್ಟು ನೋಡಿ, ಇನ್ನೊಬ್ಬರು ಎಲ್ಲಿ ಎಂದು ಕೇಳಿದ. ಬರುವುದಿಲ್ಲ ಎಂದೆ. ಒಳ್ಳೆಯ ಮನುಷ್ಯ. ಆ ಟಿಕೆಟ್ಟಿನ ಹಣ ವಾಪಸು ಸಿಗುತ್ತದೆ, ಅಲ್ಲಿ ಕಿಟಕಿಯಲ್ಲಿ ಒಂದು ಅರ್ಜಿ ತುಂಬಿ ಕೊಡಿ, ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಎರಡು ಸಾಲು ಬರೆದರಾಯಿತು, ಅಷ್ಟು ಹೊತ್ತು ಬಸ್ಸು ನಿಲ್ಲಿಸುತ್ತೇನೆ ಎಂದ.

ಬೇಡಪ್ಪ, ಹೊರಡು ಎಂದೆ.